-1018 ಬಂದಿದೆಯಾ? ಡೇಟಾಬೇಸ್ ಆಮೇಲೆ, ಮೊದಲು ಡಿಸ್ಕ್ ನೋಡಿ

ಪೀಣ್ಯದ ಒಂದು ಕಾರ್ಖಾನೆ. ಸುಮಾರು ಅರವತ್ತು ಮೇಲ್‌ಬಾಕ್ಸ್, ಒಂದೇ ಎಕ್ಸ್‌ಚೇಂಜ್ 2016 (ಮೈಕ್ರೋಸಾಫ್ಟ್‌ನ ಮೇಲ್ ಸಾಫ್ಟ್‌ವೇರ್) ಸರ್ವರ್. ತಿಂಗಳ 18ನೇ ತಾರೀಖು ಬೆಳಿಗ್ಗೆ ಅಕೌಂಟ್ಸ್ ಮೇಡಂ ಫೋನ್ ಮಾಡಿದರು. "ಸರ್, ಹೊಸ ಮೇಲ್ ಎಲ್ಲ ಬರ್ತಾ ಇದೆ. ಹೋದ ವರ್ಷದ ಮಾರ್ಚ್ ತಿಂಗಳ ಇನ್‌ವಾಯ್ಸ್ ಮೇಲ್ ತೆಗೆದರೆ ಮಾತ್ರ ಔಟ್‌ಲುಕ್ ಅಲ್ಲೇ ನಿಂತುಬಿಡುತ್ತೆ. 20ಕ್ಕೆ ಜಿಎಸ್‌ಟಿ ರಿಟರ್ನ್ ಹಾಕಬೇಕು, ಏನಾದರೂ ಮಾಡಿ." ಬೇರೆ ಯಾರಿಗೂ ತೊಂದರೆ ಇರಲಿಲ್ಲ. ಅಲ್ಲಿದ್ದ ಹುಡುಗ ಔಟ್‌ಲುಕ್ ಪ್ರೊಫೈಲ್ ಅಳಿಸಿ ಹೊಸದು ಮಾಡೋಣ ಅಂದ. ಸ್ವಲ್ಪ ತಡಿ, ಮೊದಲು ಸರ್ವರ್‌ನ ಇವೆಂಟ್ ವ್ಯೂವರ್ ತೆಗೆ ಅಂದೆ.

ಅಪ್ಲಿಕೇಶನ್ ಲಾಗ್‌ನಲ್ಲಿ ಇಎಸ್‌ಇ (ಎಕ್ಸ್‌ಚೇಂಜ್‌ನ ಡೇಟಾಬೇಸ್ ಎಂಜಿನ್) ಹೆಸರಿನಲ್ಲಿ 474 ನಂಬರಿನ ಇವೆಂಟ್‌ಗಳು ಸಾಲಾಗಿ ಕೂತಿದ್ದವು. ಎಲ್ಲದರಲ್ಲೂ ಒಂದೇ ಕೋಡ್: -1018.

ಈ ನಂಬರ್ ಕಂಡ ತಕ್ಷಣ ಬಹಳ ಜನ ಡೇಟಾಬೇಸ್ ರಿಪೇರಿ ಕಮಾಂಡ್ ಹುಡುಕಲು ಶುರು ಮಾಡುತ್ತಾರೆ. ಅಲ್ಲೇ ಅನಾಹುತ ಆಗುವುದು. ಕೆಟ್ಟಿರುವುದು ಡಿಸ್ಕ್, ಇಲ್ಲವೇ ಅದಕ್ಕೆ ಹೋಗುವ ದಾರಿ. ಅದು ಕೆಟ್ಟಿದೆ ಅಂತ ಮೊದಲು ಕೂಗಿ ಹೇಳಿದ್ದು ಡೇಟಾಬೇಸ್, ಅಷ್ಟೇ. ಸಾಯುತ್ತಿರುವ ಡಿಸ್ಕ್ ಮೇಲೆ ರಿಪೇರಿ ಓಡಿಸಿದರೆ ಉಳಿದದ್ದೂ ಹೋಗುತ್ತದೆ. ಹಾಗೆ ಹೋದದ್ದನ್ನು ಕಣ್ಣಾರೆ ನೋಡಿದ್ದೇನೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಆ ನಂಬರ್ ಏನು ಹೇಳುತ್ತಿದೆ

ಎಕ್ಸ್‌ಚೇಂಜ್‌ನ ಇಡಿಬಿ ಫೈಲ್ (ಎಲ್ಲರ ಮೇಲ್ ಇರುವ ಡೇಟಾಬೇಸ್ ಫೈಲ್) ಒಳಗೆ ಎಲ್ಲವೂ ಪುಟಗಳ ಲೆಕ್ಕದಲ್ಲಿ ಇರುತ್ತದೆ. ಎಕ್ಸ್‌ಚೇಂಜ್ 2003ರ ಕಾಲದಲ್ಲಿ ಒಂದು ಪುಟ 4 ಕೆಬಿ ಇತ್ತು, 2007ರಲ್ಲಿ 8 ಕೆಬಿ ಆಯಿತು, 2010ರಿಂದ ಈಚೆಗೆ 32 ಕೆಬಿ. ಪುಟ ಡಿಸ್ಕ್‌ಗೆ ಹೋಗುವ ಮೊದಲು ಅದರಲ್ಲಿರುವ ಡೇಟಾಕ್ಕೆ ಲೆಕ್ಕ ಹಾಕಿ ಒಂದು ಚೆಕ್‌ಸಮ್ ಬರೆದಿಡುತ್ತಾರೆ. ಮತ್ತೆ ಓದುವಾಗ ಅದೇ ಲೆಕ್ಕ ಹಾಕಿ ನೋಡುತ್ತಾರೆ. ಎರಡೂ ತಾಳೆಯಾಗದಿದ್ದರೆ, ಅಥವಾ ಕೇಳಿದ ಪುಟದ ಬದಲು ಬೇರೆ ಯಾವುದೋ ಪುಟ ಬಂದರೆ, ಆಗ -1018. ಅಂದರೆ ಎಕ್ಸ್‌ಚೇಂಜ್ ಸರಿಯಾಗಿ ಕೊಟ್ಟ ಪುಟ ವಾಪಸ್ ಬರುವಷ್ಟರಲ್ಲಿ ಬದಲಾಗಿದೆ. ಬದಲಾದದ್ದು ಮಧ್ಯದ ದಾರಿಯಲ್ಲಿ: ಡ್ರೈವರ್, ಕಂಟ್ರೋಲರ್, ಅದರ ಕ್ಯಾಶ್, ಕೇಬಲ್, ಡಿಸ್ಕ್ ಫರ್ಮ್‌ವೇರ್, ಡಿಸ್ಕ್, ಅಪರೂಪಕ್ಕೆ ರ್‍ಯಾಮ್. ಒಂದೇ ಒಂದು ಬಿಟ್ ತಪ್ಪಿದ್ದರೆ 2003 ಸರ್ವಿಸ್ ಪ್ಯಾಕ್ 1ರಿಂದ ಈಚೆಗೆ ಅದು ತಾನೇ ಸರಿಮಾಡಿಕೊಳ್ಳುತ್ತದೆ. ಆದ್ದರಿಂದ -1018 ಬಂದಿದೆ ಅಂದರೆ ಪೆಟ್ಟು ಅದಕ್ಕಿಂತ ಜಾಸ್ತಿಯೇ ಬಿದ್ದಿದೆ.

ಜೊತೆಗೆ ಇನ್ನೆರಡು ನಂಬರ್ ನೆನಪಿಡಿ. -1019 ಬಂದರೆ, ಡೇಟಾ ಇರಬೇಕಾದ ಪುಟ ಖಾಲಿ ಬಂದಿದೆ. ಅದು 476ನೇ ಇವೆಂಟ್‌ನಲ್ಲಿ ಕಾಣುತ್ತದೆ. -1022 ಬಂದರೆ ವಿಂಡೋಸ್‌ಗೆ ಡಿಸ್ಕ್‌ನಿಂದ ಓದುವುದಕ್ಕೋ ಬರೆಯುವುದಕ್ಕೋ ಆಗಿಲ್ಲ. ಅದು ಓದುವಾಗ 481, ಬರೆಯುವಾಗ 482 ಆಗಿ ಬರುತ್ತದೆ. ಇವೆಲ್ಲಕ್ಕಿಂತ ಮೊದಲು ಬರುವ ಎಚ್ಚರಿಕೆ ಇನ್ನೊಂದಿದೆ, ಯಾರೂ ಓದುವುದಿಲ್ಲ. 507ರಿಂದ 510ರವರೆಗಿನ ಇವೆಂಟ್‌ಗಳು. ಓದುವ ಅಥವಾ ಬರೆಯುವ ಕೆಲಸ ಮುಗಿಯಿತು, ಆದರೆ ಇಷ್ಟು ಸೆಕೆಂಡ್ ಹಿಡಿಯಿತು, ಹಾರ್ಡ್‌ವೇರ್ ದೋಷ ಇರಬಹುದು ಅಂತ ಅದರಲ್ಲೇ ಬರೆದಿರುತ್ತದೆ. ಪೀಣ್ಯದ ಸರ್ವರ್‌ನಲ್ಲಿ ಅವು ಮೂರು ವಾರದಿಂದ ಬರುತ್ತಿದ್ದವು.

ಮೊದಲ ಅರ್ಧ ಗಂಟೆ

ರೀಸ್ಟಾರ್ಟ್ ಮಾಡಬೇಡಿ. ತಿರುಗುತ್ತಿರುವ ಡಿಸ್ಕ್ ಒಮ್ಮೆ ನಿಂತರೆ ಮತ್ತೆ ಎದ್ದು ಬರುತ್ತದೆ ಅನ್ನುವ ಖಾತ್ರಿ ಇಲ್ಲ. ಮೌಂಟ್ ಆಗಿರುವ, ಅಂದರೆ ತೆರೆದು ಬಳಕೆಯಲ್ಲಿರುವ ಡೇಟಾಬೇಸ್ ಡಿಸ್‌ಮೌಂಟ್ ಆದರೆ, ಅಂದರೆ ಮುಚ್ಚಿಕೊಂಡರೆ, ಮತ್ತೆ ಮೌಂಟ್ ಆಗುತ್ತದೆ ಅನ್ನುವುದೂ ಖಾತ್ರಿ ಇಲ್ಲ. ಮೌಂಟ್ ಆಗಿದೆ, ಐವತ್ತೊಂಬತ್ತು ಜನ ಕೆಲಸ ಮಾಡುತ್ತಿದ್ದಾರೆ ಅಂದರೆ ಅದು ನಿಮ್ಮ ಕೈಯಲ್ಲಿರುವ ದೊಡ್ಡ ಆಸ್ತಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಬ್ಯಾಕಪ್ ಸಾಫ್ಟ್‌ವೇರ್‌ಗೆ ಹೋಗಿ ಹಳೆಯದನ್ನು ಅಳಿಸುವ ಕೆಲಸ ನಿಲ್ಲಿಸಿ. ಇವತ್ತು ರಾತ್ರಿ ಹೊಸ ಬ್ಯಾಕಪ್ ಬಂದು ಒಂದು ತಿಂಗಳ ಹಿಂದಿನ ಒಳ್ಳೆಯ ಬ್ಯಾಕಪ್ ಅನ್ನು ಹೊರಗೆ ತಳ್ಳಿಬಿಟ್ಟರೆ ಅತ್ತರೂ ಬರುವುದಿಲ್ಲ. ಟೇಪ್ ಇದ್ದರೆ ರೈಟ್ ಪ್ರೊಟೆಕ್ಟ್ ಹಾಕಿ. ಯುಎಸ್‌ಬಿ ಡಿಸ್ಕ್ ಇದ್ದರೆ ಕಿತ್ತು ಬೀರುವಿಗೆ ಇಡಿ.

ಟ್ರಾನ್ಸಾಕ್ಷನ್ ಲಾಗ್ ಫೈಲ್ (ಡೇಟಾಬೇಸ್‌ನಲ್ಲಿ ಆದ ಬದಲಾವಣೆಗಳ ದಾಖಲೆ) ಒಂದನ್ನೂ ಅಳಿಸಬೇಡಿ. ಬ್ಯಾಕಪ್ ಸರಿಯಾಗಿ ಮುಗಿಯದಿದ್ದರೆ ಲಾಗ್ ರಾಶಿ ಬೀಳುತ್ತದೆ, ಡ್ರೈವ್ ತುಂಬುತ್ತದೆ, ತುಂಬಿದರೆ ಡೇಟಾಬೇಸ್ ತಾನೇ ಡಿಸ್‌ಮೌಂಟ್ ಆಗುತ್ತದೆ. ಆಗ ಕೈ ತುರಿಸುತ್ತದೆ, ನಿಜ. ಜಾಗ ಬೇಕಿದ್ದರೆ ಆ ಡ್ರೈವ್‌ನಲ್ಲಿರುವ ಬೇರೆ ಸಾಮಾನನ್ನು ಎತ್ತಿ ಬೇರೆಡೆ ಇಡಿ. ಲಾಗ್ ಒಂದೊಂದೂ 1 ಎಂಬಿ ಮಾತ್ರ, ಆದರೆ ಆ ಸರಪಳಿಯಲ್ಲಿ ಒಂದು ಕೊಂಡಿ ಹೋದರೂ ಅದರ ಮುಂದಿನದೆಲ್ಲ ಕೆಲಸಕ್ಕೆ ಬಾರದು. ಸರ್ಕ್ಯುಲರ್ ಲಾಗಿಂಗ್ ಆನ್ ಇದೆಯಾ ಅಂತಲೂ ನೋಡಿಕೊಳ್ಳಿ. ಆನ್ ಇದ್ದರೆ ಹಳೆಯ ಲಾಗ್‌ಗಳು ಆಗಲೇ ಹೋಗಿವೆ ಅಂತ ಲೆಕ್ಕ.

ಆಂಟಿವೈರಸ್‌ನ ಫುಲ್ ಸ್ಕ್ಯಾನ್, ಡಿಫ್ರಾಗ್, ಇಂಥ ಶೆಡ್ಯೂಲ್ ಕೆಲಸ ಎಲ್ಲ ನಿಲ್ಲಿಸಿ. ಚೆಕ್‌ಡಿಸ್ಕ್ ಅಂತೂ ಓಡಿಸಲೇಬೇಡಿ. ಅದು ಫೈಲ್ ಸಿಸ್ಟಂ ಅನ್ನು ಸರಿಮಾಡುತ್ತದೆಯೇ ಹೊರತು ನಿಮ್ಮ ಮೇಲ್ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ. ಇಡಿಬಿ ಫೈಲ್‌ನ ಒಂದು ತುಂಡನ್ನು ಕತ್ತರಿಸಿ, ಎಲ್ಲ ಸರಿಯಾಗಿದೆ ಅಂತ ರಿಪೋರ್ಟ್ ಕೊಡಬಲ್ಲದು. ಕಾಪಿ ಕೈಗೆ ಬರುವವರೆಗೂ ಅದರ ಹತ್ತಿರ ಹೋಗಬೇಡಿ.

ಡಿಸ್ಕ್‌ನಲ್ಲಿ ಎಲ್ಲಿ ದೋಷ

ಈಗ ಸಿಸ್ಟಂ ಲಾಗ್ ತೆಗೆಯಿರಿ. ಇವೆಂಟ್ ನಂಬರ್ 7 ಅಂದರೆ ಡಿಸ್ಕ್‌ನಲ್ಲಿ ಕೆಟ್ಟ ಬ್ಲಾಕ್ ಸಿಕ್ಕಿದೆ. 11 ಅಂದರೆ ಕಂಟ್ರೋಲರ್ ದೋಷ. 129 ಅಂದರೆ ಉತ್ತರ ಬರದೆ ಡಿವೈಸ್ ಅನ್ನು ರೀಸೆಟ್ ಮಾಡಿದ್ದಾರೆ. 153 ಅಂದರೆ ಮತ್ತೊಮ್ಮೆ ಪ್ರಯತ್ನ ಮಾಡಬೇಕಾಗಿ ಬಂತು. 55 ಅಂದರೆ ಎನ್‌ಟಿಎಫ್‌ಎಸ್‌ಗೇ (ವಿಂಡೋಸ್‌ನ ಫೈಲ್ ಸಿಸ್ಟಂಗೇ) ಏಟು ಬಿದ್ದಿದೆ. ಇವುಗಳ ಸಮಯವನ್ನೂ -1018 ಮೊದಲು ಬಂದ ಸಮಯವನ್ನೂ ಒಂದು ಹಾಳೆಯಲ್ಲಿ ಪಕ್ಕಪಕ್ಕ ಬರೆದುಕೊಳ್ಳಿ. ಸುಮ್ನೆ ಕಣ್ಣಾಡಿಸಿದರೆ ಕಾಣದ್ದು ಹಾಗೆ ಬರೆದಾಗ ಕಾಣುತ್ತದೆ.

ಆಮೇಲೆ ಸ್ಮಾರ್ಟ್ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ನೋಡಿ. ಇದರಲ್ಲಿ ಹತ್ತಾರು ಸಾಲು ಬರುತ್ತದೆ, ನಾನು ನೋಡುವುದು ಐದೇ. 5ನೆಯದು, ಕೆಟ್ಟು ಬದಲಾಯಿಸಲ್ಪಟ್ಟ ಸೆಕ್ಟರ್‌ಗಳ ಲೆಕ್ಕ. 187, ಸರಿಮಾಡಲಾಗದ ದೋಷಗಳು. 197, ಓದಲು ಆಗದೆ ತೀರ್ಮಾನಕ್ಕೆ ಕಾಯುತ್ತಿರುವ ಸೆಕ್ಟರ್‌ಗಳು. 198, ಡಿಸ್ಕ್ ತಾನೇ ಹುಡುಕಿ ನೋಡಿದರೂ ಸರಿಹೋಗದವು. 199 ಬೇರೆ ಜಾತಿ. ಅದು ಡಿಸ್ಕ್‌ಗೂ ಕಂಟ್ರೋಲರ್‌ಗೂ ಮಧ್ಯದ ದಾರಿಯ ದೋಷ, ಬಹಳ ಸಲ ಕೇಬಲ್. 199 ಮಾತ್ರ ಏರುತ್ತಿದ್ದು ಉಳಿದವು ಸೊನ್ನೆ ಇದ್ದರೆ ಡಿಸ್ಕ್ ಬದಲಿಸುವ ಮೊದಲು ಕೇಬಲ್ ಬದಲಿಸಿ. ಈ ನಂಬರ್‌ಗಳು ಸಾಟಾ ಡಿಸ್ಕ್‌ಗೆ. ಎಸ್‌ಎಎಸ್ ಡಿಸ್ಕ್ ಆದರೆ ರಿಪೋರ್ಟ್ ಬೇರೆ ಥರ ಇರುತ್ತದೆ, ಅಲ್ಲಿ ಗ್ರೋನ್ ಡಿಫೆಕ್ಟ್ (ಬಳಸುತ್ತಾ ಕೆಟ್ಟ ಜಾಗಗಳ) ಪಟ್ಟಿಯನ್ನೂ ಸರಿಮಾಡಲಾಗದ ದೋಷಗಳ ಕಾಲಂ ಅನ್ನೂ ನೋಡಿ. ಒಂದು ಗಂಟೆ ಬಿಟ್ಟು ಮತ್ತೆ ನೋಡುವುದು ಒಳ್ಳೆಯದು, ಯಾಕೆಂದರೆ ನಂಬರ್ ಎಷ್ಟಿದೆ ಅನ್ನುವುದಕ್ಕಿಂತ ಏರುತ್ತಿದೆಯಾ ಅನ್ನುವುದು ಮುಖ್ಯ.

ರೇಡ್ (ಹಲವು ಡಿಸ್ಕ್ ಸೇರಿಸಿ ಒಂದರಂತೆ ಬಳಸುವ ವ್ಯವಸ್ಥೆ) ಇದ್ದರೆ ಡಿಸ್ಕ್‌ನ ಸ್ಮಾರ್ಟ್ ನೇರವಾಗಿ ಕಾಣುವುದಿಲ್ಲ, ಕಂಟ್ರೋಲರ್‌ನ ಟೂಲ್ ಮೂಲಕವೇ ಕೇಳಬೇಕು. ಸರ್ವರ್ ವರ್ಚುವಲ್ ಆಗಿದ್ದರೆ ಒಳಗೆ ಕೂತು ಎಷ್ಟು ನೋಡಿದರೂ ಏನೂ ಕಾಣದು, ಕೆಳಗಿನ ಹೋಸ್ಟ್ ಅಥವಾ ಸ್ಟೋರೇಜ್ ಬಾಕ್ಸ್‌ನ ಲಾಗ್‌ಗೆ ಹೋಗಿ. ಆ ಕೆಳಗಿನ ಸ್ಟೋರೇಜ್ ಎನ್‌ಎಫ್‌ಎಸ್ (ನೆಟ್‌ವರ್ಕ್ ಮೂಲಕ ಹಂಚಿಕೊಂಡ ಫೈಲ್ ಸ್ಟೋರೇಜ್) ಆಗಿದ್ದರೆ, ಎಕ್ಸ್‌ಚೇಂಜ್ ಡೇಟಾಬೇಸ್‌ಗೆ ಮೈಕ್ರೋಸಾಫ್ಟ್ ಅದನ್ನು ಸಪೋರ್ಟ್ ಮಾಡುವುದೇ ಇಲ್ಲ ಅನ್ನುವುದೂ ತಿಳಿದಿರಲಿ.

ನಮ್ಮ ಕೇಸಿನಲ್ಲಿ ರೇಡ್ 5, ನಾಲ್ಕು ಡಿಸ್ಕ್. ಕಂಟ್ರೋಲರ್ ಪರದೆ ತೆಗೆದರೆ ಹಸಿರು ಬಣ್ಣದಲ್ಲಿ "ಆಪ್ಟಿಮಲ್" ಅಂತ ತೋರಿಸುತ್ತಿತ್ತು. ಅದನ್ನು ನೋಡಿಯೇ ಎಲ್ಲರೂ ನೆಮ್ಮದಿಯಾಗಿದ್ದರು. ಕಂಟ್ರೋಲರ್‌ನ ಸ್ವಂತ ಲಾಗ್ ಎಳೆದು ನೋಡಿದಾಗ ಎರಡು ವಿಷಯ ಸಿಕ್ಕವು. ಒಂದು, ಕ್ಯಾಶ್ ಬ್ಯಾಟರಿ ಸತ್ತು ತಿಂಗಳುಗಳೇ ಆಗಿದ್ದವು. ಹಾಗೆ ಆದಾಗ ಕಂಟ್ರೋಲರ್ ತಾನಾಗಿ ರೈಟ್-ಥ್ರೂಗೆ (ನೇರವಾಗಿ ಡಿಸ್ಕ್‌ಗೆ ಬರೆಯುವುದಕ್ಕೆ) ಬರಬೇಕು, ಆದರೆ ಸರ್ವರ್ ನಿಧಾನ ಅಂತ ಯಾರೋ "ಯಾವಾಗಲೂ ರೈಟ್-ಬ್ಯಾಕ್" (ಮೊದಲು ಕ್ಯಾಶ್‌ಗೆ, ಆಮೇಲೆ ಡಿಸ್ಕ್‌ಗೆ) ಅಂತ ಬಲವಂತವಾಗಿ ಇಟ್ಟಿದ್ದರು. ಎರಡು, ಮೂರನೇ ಡಿಸ್ಕ್‌ನಲ್ಲಿ ಮೀಡಿಯಂ ಎರರ್ ಏರುತ್ತಿತ್ತು. ಇವೆರಡರ ಮಧ್ಯೆ ಸಿಸ್ಟಂ ಲಾಗ್‌ನಲ್ಲಿ ಸರ್ವರ್ ಸರಿಯಾಗಿ ಶಟ್‌ಡೌನ್ ಆಗದೆ ನಿಂತ ಒಂದು ದಾಖಲೆ, ಸುಮಾರು ಒಂದು ತಿಂಗಳ ಹಿಂದಿನದು. ಕೇಳಿದರೆ, ಹೌದು, ಆವತ್ತು ಕರೆಂಟ್ ಹೋಗಿತ್ತು, ಯುಪಿಎಸ್ ಎರಡು ನಿಮಿಷವೂ ನಿಲ್ಲಲಿಲ್ಲ ಅಂದರು.

ಇಲ್ಲಿ ಏನಾಯಿತು ಅನ್ನುವುದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಯಾರೂ ಮುಟ್ಟದ ಹೋದ ವರ್ಷದ ಮೇಲ್ ಹೇಗೆ ಕೆಟ್ಟಿತು ಅನ್ನುವ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. ರೇಡ್ 5ರಲ್ಲಿ ಮೂರು ಡಿಸ್ಕ್‌ನ ಬ್ಲಾಕ್‌ಗಳಿಗೆ ಲೆಕ್ಕ ಹಾಕಿ ನಾಲ್ಕನೆಯದರಲ್ಲಿ ಪ್ಯಾರಿಟಿ ಬರೆಯುತ್ತಾರೆ. ಬ್ಲಾಕ್ ಬರೆದಾಯಿತು, ಪ್ಯಾರಿಟಿ ಇನ್ನೂ ಕ್ಯಾಶ್‌ನಲ್ಲಿದೆ, ಅಷ್ಟರಲ್ಲಿ ಕರೆಂಟ್ ಹೋಯಿತು, ಬ್ಯಾಟರಿ ಇಲ್ಲ. ಈಗ ಆ ಸಾಲಿನ ಪ್ಯಾರಿಟಿ ಹಳೆಯದು, ಸುಳ್ಳು. ಆದರೆ ಯಾರಿಗೂ ಗೊತ್ತಾಗುವುದಿಲ್ಲ, ಮಾಮೂಲಿ ಓದುವಾಗ ಪ್ಯಾರಿಟಿಯನ್ನು ಯಾರೂ ತೆಗೆದು ನೋಡುವುದಿಲ್ಲ. ಅದೇ ಸಾಲಿನ ಇನ್ನೊಂದು ಬ್ಲಾಕ್‌ನಲ್ಲಿ ಮೇಡಂ ಅವರ ಹಳೆಯ ಮೇಲ್ ತಣ್ಣಗೆ ಕೂತಿತ್ತು, ಮೂರನೇ ಡಿಸ್ಕ್‌ನಲ್ಲಿ. ಆ ಸೆಕ್ಟರ್ ಕೆಟ್ಟಿತು. ಕಂಟ್ರೋಲರ್ ತನ್ನ ಕೆಲಸ ತಾನು ಮಾಡಿತು: ಉಳಿದ ಎರಡು ಬ್ಲಾಕ್ ಮತ್ತು ಆ ಸುಳ್ಳು ಪ್ಯಾರಿಟಿ ಸೇರಿಸಿ ಕಳೆದುಹೋದದ್ದನ್ನು "ಸರಿಮಾಡಿ" ಬರೆದಿಟ್ಟಿತು. ಅದರ ಲೆಕ್ಕದಲ್ಲಿ ಎಲ್ಲ ಸರಿ, ಹಸಿರು ದೀಪ. ಎಕ್ಸ್‌ಚೇಂಜ್ ಬಂದು ಚೆಕ್‌ಸಮ್ ನೋಡಿದಾಗ ಮಾತ್ರ ಬಣ್ಣ ಬಯಲಾಯಿತು. ಸ್ಟೋರೇಜ್ ಜನ ಇದಕ್ಕೆ ರೈಟ್ ಹೋಲ್ ಅನ್ನುತ್ತಾರೆ.

ಆದ್ದರಿಂದ ವೆಂಡರ್ ಬಂದು "ರೇಡ್ ಚೆನ್ನಾಗಿದೆ, ಸಾಫ್ಟ್‌ವೇರ್ ಪ್ರಾಬ್ಲಂ" ಅಂದರೆ ಒಪ್ಪಿಕೊಳ್ಳಬೇಡಿ. ಕಂಟ್ರೋಲರ್ ಲಾಗ್, ಬ್ಯಾಟರಿ ಸ್ಥಿತಿ, ಕನ್ಸಿಸ್ಟೆನ್ಸಿ ಚೆಕ್‌ನ ಫಲಿತಾಂಶ, ಮೂರನ್ನೂ ಬರಹದಲ್ಲಿ ಕೇಳಿ. ಆದರೆ ಡೇಟಾ ಹೊರಗೆ ತೆಗೆಯುವ ಮೊದಲು ಆ ಚೆಕ್ ಓಡಿಸಬೇಡಿ. ಸರಿಮಾಡುವ ಆಯ್ಕೆ ಆನ್ ಇದ್ದರೆ ಅದು ಪ್ಯಾರಿಟಿಯನ್ನು ಹೊಸದಾಗಿ ಬರೆಯುತ್ತದೆ, ಇದ್ದ ಸಾಕ್ಷಿ ಅಳಿಸಿಹೋಗುತ್ತದೆ. ಡಿಸ್ಕ್ ಕಿತ್ತು ಹೊಸದು ಹಾಕಿ ರೀಬಿಲ್ಡ್ ಮಾಡುವುದೂ ಈಗಲೇ ಬೇಡ. ರೀಬಿಲ್ಡ್ ಅಂದರೆ ಉಳಿದ ಮೂರೂ ಡಿಸ್ಕ್‌ನ ಮೂಲೆಮೂಲೆ ಓದುವ ಕೆಲಸ. ಸಾಧಾರಣ ಡಿಸ್ಕ್‌ಗಳಿಗೆ ತಯಾರಕರು ಕೊಡುವ ಅಂದಾಜು 100 ಲಕ್ಷ ಕೋಟಿ ಬಿಟ್ ಓದಿದರೆ, ಅಂದರೆ ಸುಮಾರು 12.5 ಟಿಬಿ ಓದಿದರೆ, ಹೆಚ್ಚೆಂದರೆ ಒಂದು ಓದಲಾಗದ ದೋಷ ಅಂತ. ಒಟ್ಟಿಗೆ ಕೊಂಡು ಒಟ್ಟಿಗೆ ಹಳೆಯದಾದ ಡಿಸ್ಕ್‌ಗಳ ಮೇಲೆ ಆ ಹೊರೆ ಹೊರಿಸುವ ಮೊದಲು ಮೇಲ್ ಸುರಕ್ಷಿತ ಜಾಗದಲ್ಲಿರಬೇಕು, ಅಲ್ವಾ?

ಮೌಂಟ್ ಆಗಿರುವಾಗಲೇ ಜನರನ್ನು ದಾಟಿಸಿ

ಡೇಟಾಬೇಸ್ ಇನ್ನೂ ಮೌಂಟ್ ಆಗಿದ್ದರೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಬೇರೆ ಒಳ್ಳೆಯ ಡಿಸ್ಕ್ ತನ್ನಿ, ಸಾಧ್ಯವಾದರೆ ಬೇರೆ ಕಂಟ್ರೋಲರ್ ಮೇಲೆ ಹಾಕಿ, ಅದರಲ್ಲಿ ಹೊಸ ಡೇಟಾಬೇಸ್ ಮಾಡಿ, ನ್ಯೂ-ಮೂವ್‌ರಿಕ್ವೆಸ್ಟ್ ಕಮಾಂಡ್ ಕೊಟ್ಟು ಒಂದೊಂದೇ ಮೇಲ್‌ಬಾಕ್ಸ್ ಅಲ್ಲಿಗೆ ದಾಟಿಸಿ. ಕೆಟ್ಟ ಪುಟ ಯಾರ ಮೇಲ್‌ಬಾಕ್ಸ್‌ನಲ್ಲಿ ಇಲ್ಲವೋ ಅವರೆಲ್ಲ ಏನೂ ಕಳೆದುಕೊಳ್ಳದೆ ದಾಟುತ್ತಾರೆ, ಕೆಲಸವೂ ನಿಲ್ಲುವುದಿಲ್ಲ. ಮೂಲ ಡೇಟಾಬೇಸ್ ಅನ್ನು ಯಾರೂ "ರಿಪೇರಿ" ಮಾಡುತ್ತಿಲ್ಲ, ಬರೀ ಓದುತ್ತಿದ್ದಾರೆ.

ಚಿಕ್ಕ ಮೇಲ್‌ಬಾಕ್ಸ್‌ಗಳಿಂದ ಶುರು ಮಾಡಿ. ಡಿಸ್ಕ್ ಮಧ್ಯದಲ್ಲಿ ಕೈಕೊಟ್ಟರೂ ಜಾಸ್ತಿ ಜನ ದಾಟಿರುತ್ತಾರೆ. ಕೆಟ್ಟ ಐಟಂ ಎಷ್ಟು ಬಿಡಬಹುದು ಅನ್ನುವ ಮಿತಿಯನ್ನು ಮೊದಲು ಸೊನ್ನೆ ಇಟ್ಟು ನೋಡಿ. ನಿಂತುಹೋದವಕ್ಕೆ ಮಾತ್ರ ಆಮೇಲೆ ಏರಿಸಿ. 51 ಅಥವಾ ಅದಕ್ಕಿಂತ ಜಾಸ್ತಿ ಕೊಟ್ಟರೆ, ಹೆಚ್ಚು ಡೇಟಾ ಹೋದರೂ ಒಪ್ಪಿಗೆ ಅನ್ನುವ ಇನ್ನೊಂದು ಸ್ವಿಚ್ ಕೇಳುತ್ತದೆ. ಅದನ್ನು ಕೇಳಿದಾಗ ಕೈ ತಡೆದು, ಆ ಮೇಲ್‌ಬಾಕ್ಸ್ ಬೇರೆ ದಾರಿಯಲ್ಲಿ ಸಿಗುತ್ತದಾ ಅಂತ ಯೋಚಿಸಿ. ಆ ರಾತ್ರಿ ಪೀಣ್ಯದಲ್ಲಿ ಅರವತ್ತರಲ್ಲಿ ಐವತ್ತೆಂಟು ಸರಾಗವಾಗಿ ದಾಟಿದವು.

ಡೇಟಾಬೇಸ್‌ಗೆ ಡಿಎಜಿ (ಒಂದೇ ಡೇಟಾಬೇಸ್‌ನ ಕಾಪಿಗಳನ್ನು ಬೇರೆ ಬೇರೆ ಸರ್ವರ್‌ಗಳಲ್ಲಿ ಇಡುವ ವ್ಯವಸ್ಥೆ) ಇದ್ದವರು ಪುಣ್ಯವಂತರು. 2010ರಿಂದ ಬಂದ ಈ ವ್ಯವಸ್ಥೆಯಲ್ಲಿ ಕೆಟ್ಟ ಪುಟವನ್ನು ಇನ್ನೊಂದು ಕಾಪಿಯಿಂದ ತಾನೇ ತರಿಸಿಕೊಂಡು ತೇಪೆ ಹಾಕುತ್ತದೆ. ಹಾಗಂತ ಸುಮ್ಮನಿರಬೇಡಿ. ಒಳ್ಳೆಯ ಕಾಪಿಗೆ ಸ್ವಿಚ್ಓವರ್ ಮಾಡಿ, ಡಿಸ್ಕ್ ಬದಲಿಸಿ, ಕೆಟ್ಟ ಕಡೆಯ ಫೈಲ್‌ಗಳನ್ನು ತೆಗೆದು ಒಳ್ಳೆಯ ಕಾಪಿಯಿಂದ ಪೂರ್ತಿ ಹೊಸದಾಗಿ ರೀಸೀಡ್ (ನಕಲು) ಮಾಡಿ.

ಡಿಸ್‌ಮೌಂಟ್ ಆಗಿಬಿಟ್ಟರೆ

ಆಗ ಮೊದಲ ಕೆಲಸ ಕಾಪಿ. ಇಡಿಬಿ, ಎಲ್ಲ ಲಾಗ್‌ಗಳು, ಚೆಕ್‌ಪಾಯಿಂಟ್ ಫೈಲ್, ಮೂರೂ ಬೇರೆ ಡಿಸ್ಕ್‌ಗೆ. ಮಾಮೂಲಿ ಕಾಪಿ ಕೆಟ್ಟ ಸೆಕ್ಟರ್ ಸಿಕ್ಕ ಕೂಡಲೇ ನಿಂತುಬಿಡುತ್ತದೆ. ಹಾಗೆ ನಿಂತರೆ ಮತ್ತೆ ಮತ್ತೆ ಒತ್ತುತ್ತಾ ಕೂರಬೇಡಿ. ಲಿನಕ್ಸ್ ಲೈವ್ ಯುಎಸ್‌ಬಿ ಹಾಕಿ ಜಿಎನ್‌ಯು ಡಿಡಿರೆಸ್ಕ್ಯೂ ಓಡಿಸಿ. ಅದು ಸುಲಭವಾಗಿ ಬರುವ ಜಾಗವನ್ನೆಲ್ಲ ಮೊದಲು ಎತ್ತಿಕೊಂಡು, ಕಷ್ಟದ ಜಾಗಕ್ಕೆ ಕೊನೆಯಲ್ಲಿ ಹೋಗುತ್ತದೆ. ಎಲ್ಲಿಯವರೆಗೆ ಬಂತು ಅನ್ನುವುದನ್ನು ಮ್ಯಾಪ್ ಫೈಲ್‌ನಲ್ಲಿ ಬರೆದಿಡುತ್ತದೆ, ಹಾಗಾಗಿ ಮಧ್ಯದಲ್ಲಿ ನಿಂತರೂ ಮೊದಲಿಂದ ಶುರು ಮಾಡಬೇಕಾಗಿಲ್ಲ. ಆ ಮ್ಯಾಪ್ ಫೈಲ್ ಹೆಸರು ಕೊಡಲು ಮರೆಯಬೇಡಿ.

ಮುಂದಿನದೆಲ್ಲ ಕಾಪಿಯ ಮೇಲೆ, ಒಳ್ಳೆಯ ಡಿಸ್ಕ್‌ನಲ್ಲಿ. ಇಎಸ್‌ಇ-ಯುಟಿಲ್‌ಗೆ (ಎಕ್ಸ್‌ಚೇಂಜ್ ಜೊತೆಗೇ ಬರುವ ಡೇಟಾಬೇಸ್ ಟೂಲ್) ಎಂಎಚ್ ಸ್ವಿಚ್ ಕೊಟ್ಟು ಹೆಡರ್ ಓದಿ. ಕ್ಲೀನ್ ಶಟ್‌ಡೌನ್ ಅಂತ ಇದ್ದರೆ ಸಂತೋಷ. ಡರ್ಟಿ ಶಟ್‌ಡೌನ್ ಅಂತ ಇದ್ದರೆ ಗಾಬರಿ ಬೇಡ, ಇನ್ನೂ ಕೆಲವು ಲಾಗ್‌ಗಳು ಡೇಟಾಬೇಸ್‌ಗೆ ಸೇರಬೇಕು ಅಂತ ಮಾತ್ರ ಅರ್ಥ. ಯಾವ ಲಾಗ್‌ನಿಂದ ಯಾವ ಲಾಗ್‌ವರೆಗೆ ಬೇಕು ಅಂತ ಅಲ್ಲೇ ಇರುತ್ತದೆ, ಬರೆದುಕೊಳ್ಳಿ. ಎಂಎಲ್ ಸ್ವಿಚ್ ಕೊಟ್ಟರೆ ಆ ಲಾಗ್‌ಗಳೆಲ್ಲ ಇವೆಯಾ, ಸರಿಯಾಗಿವೆಯಾ ಅಂತ ಹೇಳುತ್ತದೆ. ಕೆ ಸ್ವಿಚ್ ಕೊಟ್ಟರೆ ಇಡಿಬಿಯ ಪ್ರತಿ ಪುಟದ ಚೆಕ್‌ಸಮ್ ನೋಡಿ ಎಷ್ಟು ಕೆಟ್ಟಿವೆ ಅಂತ ಲೆಕ್ಕ ಕೊಡುತ್ತದೆ. ಈ ಮೂರೂ ಬರೀ ಓದುತ್ತವೆ, ಏನನ್ನೂ ಬದಲಿಸುವುದಿಲ್ಲ.

ಒಳ್ಳೆಯ ಬ್ಯಾಕಪ್ ಇದ್ದು ಅಲ್ಲಿಂದ ಇಲ್ಲಿಯವರೆಗಿನ ಲಾಗ್ ಸರಪಳಿ ಪೂರ್ತಿ ಇದ್ದರೆ ನೀವು ಒಂದು ಮೇಲ್ ಕೂಡ ಕಳೆದುಕೊಳ್ಳುವುದಿಲ್ಲ. ಡಿಸ್ಕ್ ಕೆಡಿಸಿದ ಪುಟ ಲಾಗ್‌ಗೆ ಬರುವುದಿಲ್ಲ. ಲಾಗ್‌ನಲ್ಲಿ ಇರುವುದು ಎಕ್ಸ್‌ಚೇಂಜ್ ಮಾಡಿದ ಕೆಲಸಗಳು ಮಾತ್ರ. ಹಳೆಯ ಒಳ್ಳೆಯ ಇಡಿಬಿಯ ಮೇಲೆ ಆ ಕೆಲಸಗಳನ್ನು ಮತ್ತೆ ಮಾಡಿಸಿದರೆ ಕೊಳೆ ಇಲ್ಲದ ಡೇಟಾಬೇಸ್ ಸಿಗುತ್ತದೆ. ಲಾಗ್ ಅನ್ನೂ ಇಡಿಬಿಯನ್ನೂ ಬೇರೆ ಬೇರೆ ಡಿಸ್ಕ್‌ನಲ್ಲಿ ಇಡಿ ಅಂತ ಹಿರಿಯರು ಹೇಳುತ್ತಿದ್ದದ್ದು ಇದಕ್ಕೇ. ಆದರೆ ಬ್ಯಾಕಪ್ ಅನ್ನು ನಂಬುವ ಮೊದಲು ಅದಕ್ಕೂ ಕೆ ಸ್ವಿಚ್ ಹಾಕಿ ನೋಡಿ.

ಪಿ ಸ್ವಿಚ್ ಕೊನೆಯದು. ಬ್ಯಾಕಪ್ ಇಲ್ಲ, ಲಾಗ್ ಇಲ್ಲ, ಮೌಂಟ್ ಆಗುತ್ತಿಲ್ಲ ಅಂದಾಗ ಮಾತ್ರ, ಅದೂ ಕಾಪಿಯ ಮೇಲೆ. ಜನ ಅದನ್ನು ರಿಪೇರಿ ಅನ್ನುತ್ತಾರೆ. ಅದು ನಿಜವಾಗಿ ಮಾಡುವುದು, ಓದಲಾಗದ ಪುಟವನ್ನು ಕಿತ್ತು ಬಿಸಾಡಿ ಉಳಿದದ್ದನ್ನು ಜೋಡಿಸುವುದು. ಹೋದದ್ದು ಕೊನೆಯ ಎಲೆಯಂಥ ಪುಟ ಆದರೆ ಕೆಲವು ಮೇಲ್ ಹೋಗುತ್ತವೆ. ಮೇಲಿನ ಕೊಂಬೆಯಂಥ ಪುಟ ಆದರೆ ಒಂದು ಟೇಬಲ್ಲೇ ಹೋಗಬಹುದು. ಮೊದಲೇ ಯಾರಿಂದಲೂ ಹೇಳಲು ಆಗುವುದಿಲ್ಲ. ಅದು ಮುಗಿದ ಮೇಲೆ ಹಳೆಯ ಲಾಗ್‌ಗಳು ಆ ಡೇಟಾಬೇಸ್‌ಗೆ ಸೇರುವುದಿಲ್ಲ. ಮೌಂಟ್ ಮಾಡಿ, ನ್ಯೂ-ಮೇಲ್‌ಬಾಕ್ಸ್‌ರಿಪೇರ್‌ರಿಕ್ವೆಸ್ಟ್ ಓಡಿಸಿ, ತಕ್ಷಣ ಎಲ್ಲರನ್ನೂ ಹೊಸ ಡೇಟಾಬೇಸ್‌ಗೆ ದಾಟಿಸಿ. ಪಿ ಓಡಿಸಿದ್ದು ಹೆಡರ್‌ನಲ್ಲಿ ರಿಪೇರ್ ಕೌಂಟ್ ಆಗಿ ಉಳಿಯುತ್ತದೆ. 2015ರಿಂದ ಮೈಕ್ರೋಸಾಫ್ಟ್‌ನ ನಿಯಮವೂ ಇದೇ: ಆ ಕೌಂಟ್ ಸೊನ್ನೆಗಿಂತ ಜಾಸ್ತಿ ಇದ್ದರೆ ಮೇಲ್‌ಬಾಕ್ಸ್‌ಗಳನ್ನು ಖಾಲಿ ಮಾಡಿ ಆ ಡೇಟಾಬೇಸ್ ಕೈಬಿಡಿ.

ಈ ನಡುವೆ ಬರುವ ಮೇಲ್ ಏನಾಗುತ್ತದೆ

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದು. ಹೊರಗಿನಿಂದ ಬರುವ ಮೇಲ್ ತಕ್ಷಣ ಕಳೆದುಹೋಗುವುದಿಲ್ಲ. ನಿಮ್ಮ ಸರ್ವರ್ ಸಿಗದಿದ್ದರೆ ಕಳಿಸುವ ಸರ್ವರ್ ಕಾದು ಮತ್ತೆ ಪ್ರಯತ್ನಿಸುತ್ತದೆ. ಎಸ್‌ಎಂಟಿಪಿ (ಮೇಲ್ ಸಾಗಿಸುವ ಪ್ರೋಟೋಕಾಲ್) ನಿಯಮದ ಪ್ರಕಾರ ಸಾಮಾನ್ಯವಾಗಿ 4–5 ದಿನವಾದರೂ ಪ್ರಯತ್ನಿಸಬೇಕು. ಆದರೆ ಎಕ್ಸ್‌ಚೇಂಜ್‌ನ ಡಿಫಾಲ್ಟ್ 2 ದಿನ ಮಾತ್ರ. ಡೇಟಾಬೇಸ್ ಮಾತ್ರ ಬಿದ್ದಿದ್ದು ಟ್ರಾನ್ಸ್‌ಪೋರ್ಟ್ (ಮೇಲ್ ಸ್ವೀಕರಿಸಿ ಸಾಗಿಸುವ ಸರ್ವಿಸ್) ಓಡುತ್ತಿದ್ದರೆ ಮೇಲ್ ನಿಮ್ಮದೇ ಕ್ಯೂನಲ್ಲಿ ಕೂರುತ್ತದೆ, 2 ದಿನ ಆದ ಮೇಲೆ ಕಳಿಸಿದವರಿಗೆ ವಾಪಸ್ ಹೋಗುತ್ತದೆ. ಆ ಅವಧಿಯನ್ನು ಮೊದಲೇ ಏರಿಸಿಬಿಡಿ. ಕ್ಯೂ ಕೂಡ ಅದೇ ಥರದ ಇಎಸ್‌ಇ ಡೇಟಾಬೇಸ್, ಅದು ಅದೇ ಕೆಟ್ಟ ಡಿಸ್ಕ್‌ನಲ್ಲಿ ಇದ್ದರೆ ಬೇರೆ ಡಿಸ್ಕ್‌ಗೆ ಸಾಗಿಸಿ.

ಕೆಲಸ ದಿನಗಟ್ಟಲೆ ಹಿಡಿಯುತ್ತದೆ ಅಂತಾದರೆ ಖಾಲಿ ಡೇಟಾಬೇಸ್ ಕೊಟ್ಟು ಜನರಿಗೆ ಕಳಿಸುವ, ಪಡೆಯುವ ಅವಕಾಶ ಮಾಡಿಕೊಡಿ, ಇದಕ್ಕೆ ಡಯಲ್ ಟೋನ್ ಅನ್ನುತ್ತಾರೆ. ಆಗ ಔಟ್‌ಲುಕ್ ರಿಕವರಿ ಮೋಡ್ ಅಂತ ಕೇಳಬಹುದು. ಯಾರೂ ಪ್ರೊಫೈಲ್ ಅಳಿಸಬಾರದು, ಓಎಸ್‌ಟಿ ಫೈಲ್ (ಔಟ್‌ಲುಕ್ ಆ ಕಂಪ್ಯೂಟರ್‌ನಲ್ಲೇ ಇಟ್ಟುಕೊಳ್ಳುವ ಮೇಲ್ ಕಾಪಿ) ಮುಟ್ಟಬಾರದು ಅಂತ ಬರೆದು ಪ್ರತಿ ಟೇಬಲ್ ಮೇಲೆ ಅಂಟಿಸಿ. ಸರ್ವರ್‌ನಲ್ಲಿ ಹೋದ ಮೇಲ್ ಕೆಲವು ಸಲ ಉಳಿದಿರುವುದು ಆ ಓಎಸ್‌ಟಿಯಲ್ಲಿ ಮಾತ್ರ. ಆದರೆ ಬಹಳ ಕಂಪ್ಯೂಟರ್‌ಗಳಲ್ಲಿ ಅದು ಕಳೆದ 12 ತಿಂಗಳದ್ದನ್ನು ಮಾತ್ರ ಇಟ್ಟುಕೊಂಡಿರುತ್ತದೆ. ಮೇಡಂ ಅವರ ಮಾರ್ಚ್ ಮೇಲ್ ತೆಗೆದಾಗ ಮಾತ್ರ ಔಟ್‌ಲುಕ್ ನಿಂತದ್ದೂ ಅದಕ್ಕೇ, ಅದಕ್ಕೆ ಸರ್ವರ್‌ಗೇ ಹೋಗಬೇಕಿತ್ತು.

ಬೇರೆ ಮೇಲ್ ಸರ್ವರ್ ಇಟ್ಟವರಿಗೆ ಎರಡು ಮಾತು. ಡವ್‌ಕಾಟ್‌ನಲ್ಲಿ ಮೇಲ್‌ಡಿರ್ ಇದ್ದರೆ ಒಂದು ಮೇಲ್‌ಗೆ ಒಂದು ಫೈಲ್, ಆದ್ದರಿಂದ ಪೆಟ್ಟು ಆ ಫೈಲ್‌ಗಷ್ಟೇ. ಇಂಡೆಕ್ಸ್ ಕೆಟ್ಟರೆ ಮತ್ತೆ ಕಟ್ಟಿಕೊಳ್ಳುತ್ತದೆ. ಎಂಡಿಬಾಕ್ಸ್ ಇದ್ದರೆ ಹಾಗಲ್ಲ, ಅಲ್ಲಿ ಇಂಡೆಕ್ಸ್‌ನಲ್ಲೇ ನಿಜವಾದ ಮಾಹಿತಿ ಇದೆ, ಅಳಿಸಬೇಡಿ. ಜಿಂಬ್ರಾದಲ್ಲಿ ಮೇಲ್‌ನ ಒಡಲು ಫೈಲ್‌ನಲ್ಲಿ, ಪಟ್ಟಿ ಮೈಎಸ್‌ಕ್ಯೂಎಲ್ ಅಥವಾ ಮಾರಿಯಾಡಿಬಿಯಲ್ಲಿ. ಆ ಪಟ್ಟಿ ಕೆಟ್ಟರೆ, ಅವುಗಳ ಡೇಟಾಬೇಸ್ ಎಂಜಿನ್ ಇನ್ನೋಡಿಬಿಯ ಫೋರ್ಸ್ ರಿಕವರಿಯನ್ನು 1ರಿಂದ ಶುರು ಮಾಡಿ ಒಂದೊಂದೇ ಏರಿಸಿ. 4ರಿಂದ ಮೇಲೆ ಹೋದರೆ ಡೇಟಾ ಶಾಶ್ವತವಾಗಿ ಕೆಡಬಹುದು, ಹಾಗಾಗಿ ಅದೂ ಕಾಪಿಯ ಮೇಲೇ.

ಉಳಿದ ಎರಡು ಮೇಲ್‌ಬಾಕ್ಸ್

ಒಂದು ಸ್ಟೋರ್ಸ್‌ನವರದು. ಅದರಲ್ಲಿ ಮೂರು ಕೆಟ್ಟ ಐಟಂ ಬಿಟ್ಟು ಉಳಿದದ್ದು ದಾಟಿತು. ಮೇಡಂ ಅವರದು ಮಿತಿ ಏರಿಸಿದರೂ ಒಂದು ಫೋಲ್ಡರ್ ಹತ್ತಿರ ನಿಲ್ಲುತ್ತಿತ್ತು. ಹಿಂದಿನ ರಾತ್ರಿಯ ಬ್ಯಾಕಪ್ ತೆಗೆದು ಕೆ ಸ್ವಿಚ್ ಹಾಕಿದೆ. ಅದರಲ್ಲೂ ಅದೇ ಪುಟಗಳು ಕೆಟ್ಟಿದ್ದವು. ಅದರ ಹಿಂದಿನದು, ಅದರ ಹಿಂದಿನದು, ಎಲ್ಲವೂ ಹಾಗೇ. ಬ್ಯಾಕಪ್ ಬೇಗ ಮುಗಿಯಲಿ ಅಂತ ಚೆಕ್‌ಸಮ್ ಪರೀಕ್ಷೆಯನ್ನು ಯಾರೋ ಆಫ್ ಮಾಡಿದ್ದರು. ಅದಕ್ಕೇ ದಿನಾ "ಯಶಸ್ವಿ" ಅಂತ ಬರುತ್ತಿತ್ತು, ದಿನಾ ಲಾಗ್‌ಗಳೂ ಅಳಿಸಿಹೋಗುತ್ತಿದ್ದವು. ನಿಮ್ಮಲ್ಲಿ ಆ ಟಿಕ್ ಮಾರ್ಕ್ ಹೇಗಿದೆ ಅಂತ ಇವತ್ತೇ ನೋಡಿ, ದಯವಿಟ್ಟು.

ಬೀರುವಿನಲ್ಲಿ ಒಂದು ಯುಎಸ್‌ಬಿ ಡಿಸ್ಕ್ ಸಿಕ್ಕಿತು. ಆರು ವಾರದ ಹಿಂದಿನ ಬ್ಯಾಕಪ್, ಕರೆಂಟ್ ಹೋಗುವ ಮೊದಲಿನದು. ಕೆ ಸ್ವಿಚ್ ಹಾಕಿದರೆ ಒಂದು ಪುಟವೂ ಕೆಟ್ಟಿರಲಿಲ್ಲ. ಲಾಗ್ ಸರಪಳಿ ಇಲ್ಲದ್ದರಿಂದ ಅದನ್ನು ಇವತ್ತಿನವರೆಗೆ ತರಲು ಆಗುತ್ತಿರಲಿಲ್ಲ. ಆದರೆ ನಮಗೆ ಬೇಕಿದ್ದದ್ದು ಹೋದ ವರ್ಷದ ಮೇಲ್, ಅಲ್ವಾ? ಮೇಡಂ ಅವರಿಗೆ ಹೊಸ ಡೇಟಾಬೇಸ್‌ನಲ್ಲಿ ಖಾಲಿ ಮೇಲ್‌ಬಾಕ್ಸ್ ಕೊಟ್ಟೆ. ಆರು ವಾರದ ಹಿಂದಿನ ಬ್ಯಾಕಪ್ ಅನ್ನು ಅದರ ಜೊತೆಗಿದ್ದ ಲಾಗ್‌ಗಳಿಂದ ಕ್ಲೀನ್ ಮಾಡಿ ರಿಕವರಿ ಡೇಟಾಬೇಸ್ (ಹಳೆಯ ಮೇಲ್ ತೆಗೆಯಲಷ್ಟೇ ಬಳಸುವ ಡೇಟಾಬೇಸ್) ಆಗಿ ಮೌಂಟ್ ಮಾಡಿದೆ. ನ್ಯೂ-ಮೇಲ್‌ಬಾಕ್ಸ್‌ರಿಸ್ಟೋರ್‌ರಿಕ್ವೆಸ್ಟ್ ಕೊಟ್ಟು ಅಲ್ಲಿಂದ ಅವರ ಮೇಲ್‌ಬಾಕ್ಸ್‌ಗೆ ಸುರಿದೆ. ನಂತರದ ಆರು ವಾರದ ಮೇಲ್‌ಗಳನ್ನು ಅವರದೇ ಕಂಪ್ಯೂಟರ್‌ನ ಓಎಸ್‌ಟಿಯಿಂದ ತೆಗೆದೆ. ಆ ಕೆಲಸಕ್ಕೆ ಮೊದಲು ನೆಟ್‌ವರ್ಕ್ ಕೇಬಲ್ ಕಿತ್ತು, ಔಟ್‌ಲುಕ್ ಅನ್ನು ಆಫ್‌ಲೈನ್ ಇಟ್ಟು, ಪಿಎಸ್‌ಟಿಗೆ (ಔಟ್‌ಲುಕ್‌ನ ಮೇಲ್ ಫೈಲ್‌ಗೆ) ಎಕ್ಸ್‌ಪೋರ್ಟ್ ಮಾಡಿಕೊಂಡಿದ್ದೆ. ಬೆಳಿಗ್ಗೆ ಪ್ರೊಫೈಲ್ ಅಳಿಸಿದ್ದರೆ ಇದು ಸಾಧ್ಯ ಆಗುತ್ತಿರಲಿಲ್ಲ.

19ರ ಸಂಜೆ ಏಳೂವರೆಗೆ ಮೇಡಂ ಮಾರ್ಚ್ ತಿಂಗಳ ಇನ್‌ವಾಯ್ಸ್ ಮೇಲ್ ತೆಗೆದರು. ತೆರೆಯಿತು. ಪ್ರಿಂಟ್ ಕೊಟ್ಟು ಬ್ಯಾಗ್ ಎತ್ತಿಕೊಂಡು ಮನೆಗೆ ಹೊರಟರು. ಮೂರನೇ ಡಿಸ್ಕ್ ಮತ್ತು ಉಬ್ಬಿದ ಆ ಬ್ಯಾಟರಿಯನ್ನು ಮಾರನೇ ದಿನ ಕಿತ್ತು, ತಾರೀಖು ಬರೆದ ಚೀಟಿ ಅಂಟಿಸಿ ಬೇರೆ ಇಟ್ಟೆವು. ಹಳೆಯ ಡೇಟಾಬೇಸ್‌ನ ಕಾಪಿಯನ್ನು ಮೂರು ತಿಂಗಳು ಅಳಿಸಬೇಡಿ ಅಂತ ಹೇಳಿ ಬಂದೆ. ಎರಡನೇ ವಾರದಲ್ಲಿ ಸ್ಟೋರ್ಸ್‌ನವರು ಫೋನ್ ಮಾಡಿ, ಬಿಟ್ಟುಹೋದ ಆ ಮೂರರಲ್ಲಿ ಒಂದು ಮೇಲ್ ಬೇಕಿತ್ತು ಅಂದರು. ಅದೂ ಆ ಯುಎಸ್‌ಬಿ ಡಿಸ್ಕ್‌ನಲ್ಲೇ ಸಿಕ್ಕಿತು.